ನೀರಿನ ಜೋರು

ಮಗು ಬಚ್ಚಲಿನ ಹೊಸ್ತಿಲು ದಾಟಿದ್ದನ್ನು ಅವಳು ನೋಡಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಅದರ ಮೇಲೇ ಕಣ್ಣಿಟ್ಟು ನಿಂತಿದ್ದಳು. ತಿರುಗಿದಾಗ ಅಡುಗೆಮನೆಯ ನೆಲ ಖಾಲಿ. ಮಗು ಆಡುತ್ತಿದ್ದ ಸ್ಟೀಲ್ ಲೋಟ ಒಂದೇ ಅಡ್ಡ ಬಿದ್ದಿತ್ತು. ಹಾಲು ಉಕ್ಕಿದರೆ ಉಕ್ಕಲಿ ಎಂದು ಓಡಿದಳು. ಒದ್ದೆ ನೆಲದ ಮೇಲೆ ಮಗು ಬರಿಗಾಲಲ್ಲಿ ನಿಂತಿತ್ತು. ಒಂದು ಕೈ ಪ್ಲಾಸ್ಟಿಕ್ ಬಕೆಟ್ಟಿನ ಅಂಚಿನ ಮೇಲೆ, ಇನ್ನೊಂದು ಕೈ ಗೋಡೆಯ ನಲ್ಲಿಯ ಕಡೆಗೆ. ಆ ಬೆರಳುಗಳಿಗೂ ನಲ್ಲಿಗೂ ನಡುವೆ ಗೇಣು ಜಾಗ ಇತ್ತೋ ಇಲ್ಲವೋ. ಹಿಂದಿನಿಂದ ಬಾಚಿ ಎತ್ತಿಕೊಂಡಳು. ಕೈಗೆ ಬಂದದ್ದು ತಪ್ಪಿಹೋಯಿತೆಂದು ಮಗು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅಳತೊಡಗಿತು.

"ಯಾಕೆ ಅದನ್ನ ಅಳಿಸ್ತೀಯ?" ಒಳಗಿನಿಂದ ಅತ್ತೆ ಕೇಳಿದರು.

"ನಲ್ಲಿ ಹಿಡ್ಕೊಳ್ಳೋಕೆ ಹೋಗಿದ್ಲು ಅತ್ತೆ."

"ಅಷ್ಟೇನಾ. ನಮ್ಮನೆ ನಲ್ಲಿಗೆ ಮೂಗಿನ ತುದೀಲೇ ಕೋಪ. ಒಂದ್ಸಲ ಚುರುಕ್ ಅಂದ್ರೆ ಆಮೇಲೆ ಆ ಕಡೆ ತಲೆ ಹಾಕಲ್ಲ ಬಿಡು."

ಅವಳು ಮಗುವಿನ ಪಾದಗಳನ್ನು ಒಣಗಿದ ಬಟ್ಟೆಯಲ್ಲಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಬಚ್ಚಲ ಬಾಗಿಲಿನ ಪಕ್ಕದಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ಸದಾ ಇರುತ್ತಿತ್ತು. ಅದು ಆ ಮನೆಯ ಯಾರ ಕಾಲಿನ ಅಳತೆಯದೂ ಆಗಿರಲಿಲ್ಲ, ಎಲ್ಲರದೂ ಆಗಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಮನೆ ತೋರಿಸುತ್ತಾ, ಬೀರುವಿನ ಕೀಲಿ ಎಲ್ಲಿರುತ್ತದೆ, ಹಿತ್ತಿಲ ಬಾಗಿಲಿನ ಚಿಲಕವನ್ನು ಹೇಗೆ ಎತ್ತಿ ಹಾಕಬೇಕು ಎಂದು ಹೇಳಿದವರು ಚಪ್ಪಲಿಯನ್ನೂ ತೋರಿಸಿದ್ದರು. "ಇದನ್ನ ಮೆಟ್ಕೊಂಡೇ ನಲ್ಲಿ ತಿರುಗಿಸು. ನಮ್ಮ ಬೀದಿ ನೀರು ಸ್ವಲ್ಪ ಜೋರು."

ಜೋರು ಎಂಬುದು ಸುಳ್ಳಾಗಿರಲಿಲ್ಲ. ಹಿಂದೆ ಆ ಬೀದಿಯಲ್ಲಿ ನೀರು ದಾರದಷ್ಟು ದಪ್ಪ ಬರುತ್ತಿತ್ತು, ಒಂದು ಬಕೆಟ್ ತುಂಬುವುದರೊಳಗೆ ಹೆಂಗಸರು ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ಆಮೇಲೆ ಬೀದಿ ಅಗೆದು ಹೊಸ ಪೈಪು ಹಾಕಿದರು. ನೀರು ಧೋ ಎಂದು ಸುರಿಯಿತು. ಕೈ ಚುರುಗುಟ್ಟುವುದೂ ಆಮೇಲೆಯೇ ಶುರುವಾದದ್ದರಿಂದ, ನೀರಿನ ಜೋರಿಗೇ ಹಾಗಾಗುತ್ತದೆ ಎಂದು ಮನೆಯವರು ಎರಡನ್ನೂ ಒಂದೇ ಗಂಟು ಹಾಕಿಟ್ಟುಬಿಟ್ಟರು. ಅವಳ ಗಂಡ ನಲ್ಲಿಯನ್ನು ಟವೆಲ್ಲಿನಲ್ಲಿ ಹಿಡಿದು ತಿರುಗಿಸುವುದನ್ನು ಕಲಿತ. ಅತ್ತೆ ಬೆರಳಿನ ಗೆಣ್ಣಿನಿಂದ ತಳ್ಳುತ್ತಿದ್ದರು. ಒಂದೊಂದು ಮನೆಯ ಬಾಗಿಲು ಕಿರುಗುಟ್ಟುತ್ತದೆ, ಒಂದೊಂದು ಮನೆಯ ಸೂರು ಸೋರುತ್ತದೆ, ಇಲ್ಲಿ ನಲ್ಲಿ ಚುರುಗುಟ್ಟುತ್ತದೆ ಎಂದುಕೊಂಡು ಅವಳೂ ಸುಮ್ಮನಿದ್ದಳು. ಮಗು ಎದ್ದು ನಿಲ್ಲಲು ಕಲಿಯುವ ತನಕ.

ಮಾವನನ್ನು ಕೇಳುವುದು ಸುಲಭದ ಮಾತಾಗಿರಲಿಲ್ಲ. ಅವರು ಗಿರಣಿಯೊಂದರಲ್ಲಿ ವೈರ್‌ಮನ್ ಆಗಿದ್ದವರು. ಈ ಮನೆಯ ವೈರಿಂಗ್ ಅವರ ಕೈಯದೇ. ಪಾಳಿ ಮುಗಿಸಿ ಬಂದು ಸಂಜೆ ಹೊತ್ತು ಈ ಸಾಲಿನ ಬಹುಪಾಲು ಮನೆಗಳಿಗೂ ಅವರೇ ತಂತಿ ಎಳೆದಿದ್ದರು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಹಾಗೆ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದರು. ಬೀದಿಯಲ್ಲಿ ಅವರಿಗೆ ವೈರಜ್ಜ ಎಂದೇ ಹೆಸರು. ಯಾರ ಮನೆಯ ಫ್ಯಾನು ನಿಂತರೂ ಮೊದಲು ಬರುತ್ತಿದ್ದದ್ದು ಅವರ ಹತ್ತಿರ.

ಆದರೂ ಅವತ್ತು ಕೇಳಿದಳು. ಮಾವ ಬೇಸರ ಮಾಡಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಸ್ನಾನದ ನೀರಿಗೆ ಹೀಟರ್ ಹಾಕಿದ್ದ ಬಚ್ಚಲಿಗೆ ಹೋಗಿ ಟೆಸ್ಟರಿನ ಮೂತಿಯನ್ನು ನಲ್ಲಿಗೆ ತಾಗಿಸಿ, ಅದರ ತಲೆಯ ಮೇಲೆ ಹೆಬ್ಬೆರಳಿಟ್ಟರು.

"ನೋಡಮ್ಮ. ದೀಪ ಹತ್ತಿತಾ?"

ಅವಳು ಬಗ್ಗಿ ನೋಡಿದಳು. ಟೆಸ್ಟರಿನ ಹೊಟ್ಟೆಯೊಳಗೆ ಬೂದಿಯಲ್ಲಿ ಉಳಿದ ಕೆಂಡದ ಚೂರಿನಂತೆ ಕೆಂಪಗೆ ಏನೋ ಮಿಣುಕುತ್ತಿತ್ತು.

"ಹತ್ತಿದ ಹಾಗಿದೆ ಮಾವ."

"ಎಲ್ಲಿ?" ಅವರು ಟೆಸ್ಟರನ್ನು ಮೂಗಿನ ಹತ್ತಿರ ತಂದುಕೊಂಡರು. "ಏನೂ ಇಲ್ಲ. ಕಿಟಕಿ ಬೆಳಕು ಬಿದ್ದಿದೆ. ನಾನು ಎಳೆದ ತಂತಿ ಕಣಮ್ಮ ಇದು, ನನಗೆ ಗೊತ್ತಿಲ್ವಾ."

ಅವರು ಮಾತಾಡುವಾಗ ಅವಳ ಮುಖದ ಕಡೆ ನೋಡದೆ ಅವಳ ಕಿವಿಯ ಆಚೆ ಎಲ್ಲೋ ನೋಡುತ್ತಿದ್ದರು. ಈಚೆಗೆ ಟೀ ಲೋಟ ಕೊಟ್ಟರೆ ಮೊದಲು ಮೇಜಿನ ಮೇಲೆ ಕೈಯಾಡಿಸಿ ಆಮೇಲೆ ಹಿಡಿದುಕೊಳ್ಳುತ್ತಿದ್ದರು. ಪೇಪರನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಗಂಟೆಗಟ್ಟಲೆ ಕೂತಿದ್ದರೂ ಹಾಳೆ ತಿರುವುತ್ತಿರಲಿಲ್ಲ. ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು.

ಗಂಡ ಬೇಕರಿಯಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನ ಮನೆಗೆ ಬರುವಾಗ ಅವನ ಕಿವಿಯ ಸಂದಿಯಲ್ಲಿ ಮೈದಾ ಹಿಟ್ಟು ಇರುತ್ತಿತ್ತು. ಅವನು ತಟ್ಟೆಯ ಮುಂದೆ ಕೂತಾಗ ಮೆಲ್ಲಗೆ ಮಾತು ತೆಗೆದಳು.

"ರೀ, ಹೊರಗಿನವರು ಯಾರನ್ನಾದ್ರೂ ಕರೆಸಿ ವೈರಿಂಗ್ ತೋರಿಸೋಣ."

"ಅಪ್ಪ ಇರೋ ಮನೆಗೆ ಬೇರೆ ವೈರ್‌ಮನ್ನಾ? ನಾನಿದ್ದೂ ನೀನು ಪಕ್ಕದ ಬೀದಿ ಬೇಕರೀಲಿ ಬ್ರೆಡ್ ತಂದ ಹಾಗೆ."

"ನಿಮ್ಮ ಬ್ರೆಡ್ ಕೆಟ್ಟಿದ್ರೆ ಹೊಟ್ಟೆ ನೋವು ಬರುತ್ತೆ ಅಷ್ಟೇ. ಯಾರೂ ಸಾಯಲ್ಲ."

"ಇದನ್ನ ನಮ್ಮ ಸಾಹುಕಾರರಿಗೆ ಹೇಳು, ಬೋರ್ಡ್ ಮೇಲೆ ಬರೆಸ್ತಾರೆ," ಎಂದು ನಕ್ಕ. ಅವಳು ನಗದಿದ್ದುದನ್ನು ನೋಡಿ ದನಿ ತಗ್ಗಿಸಿದ. "ಅಪ್ಪನಿಗೆ ಉಳಿದಿರೋದು ಅದೊಂದೇ ಕಣೇ. ಅದನ್ನೂ ಕಿತ್ಕೊಂಡ್ರೆ ಹೇಗೆ?"

ಅವನ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ದಿಗಿಲಾಯಿತು. ಬಚ್ಚಲ ಬಾಗಿಲಿಗೆ ಹಗ್ಗ ಕಟ್ಟಿದಳು. ಒಳಗೆ ಹೋಗಿ ಬಂದವರು ಕಟ್ಟಲು ಮರೆಯುತ್ತಿದ್ದರು. ಮಗುವನ್ನು ಸೊಂಟದಿಂದ ಇಳಿಸದೆ ಪಾತ್ರೆ ತೊಳೆದಳು, ಬಟ್ಟೆ ಹರವಿದಳು. ನೀರು ಬೀಳುವ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಮಗು ಎಲ್ಲಿದೆ ಎಂದು ಹುಡುಕುತ್ತಿದ್ದಳು. ಮಗುವಿಗೋ, ಬೇಡ ಎಂದ ಕಡೆಗೇ ಕಾಲು. ಒಂದು ದಿನ ಬಿಸಿನೀರಿನ ಹೀಟರ್ ಹಾಕಿ ಅವಳೇ ನಲ್ಲಿ ಮುಟ್ಟಿದಾಗ ಚಪ್ಪಲಿ ಇದ್ದರೂ ಮೊಣಕೈ ತನಕ ಜುಮ್ಮೆಂದಿತು. ಅಂದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮನೆಗಳ ವೈರಿಂಗ್ ತಪಾಸಣೆ ಮಾಡುವವರು ಯಾರಿದ್ದಾರೆ ಎಂದು ವಿಚಾರಿಸಿ ಬಂದಳು.

ಮಾವ ಬೆಳಿಗ್ಗೆ ಹೊತ್ತು ಕ್ಷೌರದಂಗಡಿಯ ಬೆಂಚಿನಲ್ಲಿ ಹರಟೆಗೆ ಕೂರುತ್ತಿದ್ದರು. ಆ ಹೊತ್ತಿಗೇ ತಪಾಸಣೆಯವನನ್ನು ಬರಹೇಳಿದ್ದಳು. ಅವನದು ಭಾರೀ ದೇಹ. ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ಉಸ್ಸೆಂದ. ಅತ್ತೆ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಅವರು ಬರೋದ್ರೊಳಗೆ ಈ ಉಸ್ಸಪ್ಪನ್ನ ಕಳಿಸ್ಬಿಡು. ನಾನೇನೂ ನೋಡಿಲ್ಲ," ಎಂದು ಹೇಳಿ, ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಬಟ್ಟೆ ಮಡಿಸುತ್ತಾ ಕೂತರು.

ಅವನು ಸ್ವಿಚ್ ಬೋರ್ಡುಗಳನ್ನು ಬಿಚ್ಚಿ ನೋಡಿದ, ಮುಚ್ಚಿದ. ಫ್ಯೂಸ್ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತ. ಅವಳ ಕಿವಿಯೆಲ್ಲ ಗೇಟಿನ ಕಡೆಗಿತ್ತು. ಅವನು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಮೀಟರಿನ ತಂತಿಗಳನ್ನು ಬಿಡಿಸುತ್ತಿರುವಾಗಲೇ ಗೇಟು ಸದ್ದಾಯಿತು. ಕ್ಷೌರದಂಗಡಿಗೆ ಅವತ್ತು ಬೀಗ ಹಾಕಿತ್ತು.

ಮಾವ ಬಚ್ಚಲ ಬಾಗಿಲಲ್ಲಿ ನಿಂತರು. "ಯಾರಿವರು?"

"ನಾನೇ ಕರೆಸಿದೆ ಮಾವ."

"ಏನಾಗಿದೆ ಅಂತ?"

ಅವಳು ಒಂದು ವಾರದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಪುಟ್ಟಿ ನಿಂತ್ಕೊಳ್ತಿದ್ದಾಳೆ," ಎಂದಳು.

ಮಾವ ಸ್ಟೂಲು ಎಳೆದುಕೊಂಡು ಬಾಗಿಲಲ್ಲೇ ಕೂತರು. "ನೋಡ್ಲಿ. ಈ ಮನೆ ಗೋಡೆ ಒಡೆದು ನೋಡಿದ್ರೂ ಒಂದು ಜಾಯಿಂಟ್ ಸಡಿಲ ಸಿಕ್ಕಲ್ಲ."

"ಸಿಕ್ಕಿಲ್ಲ ಯಜಮಾನ್ರೇ. ಆಗಿನಿಂದ ಹುಡುಕ್ತಿದ್ದೀನಿ," ಎಂದ ತಪಾಸಣೆಯವನು, ಹಣೆ ಒರೆಸಿಕೊಳ್ಳುತ್ತಾ. "ಕೆಲಸ ಅಂದ್ರೆ ಇದು. ಆದ್ರೆ ಈ ಮೀಟರ್ ಬೇರೆ ಏನೋ ಹೇಳ್ತಿದೆ. ಹೀಟರ್ ಹಾಕಿದ ತಕ್ಷಣ ನಲ್ಲೀಲಿ ಕರೆಂಟ್ ತೋರಿಸ್ತಿದೆ. ಹೀಟರ್ ಹಳೇದು, ಒಳಗೆ ಸೋರ್ತಿದೆ. ಅರ್ತ್ ಸರಿಯಾಗಿದ್ರೆ ಅದು ಮಣ್ಣಿಗೆ ಇಳಿದು ಹೋಗ್ಬೇಕಿತ್ತು, ನಲ್ಲೀಲಿ ನಿಲ್ತಿರಲಿಲ್ಲ. ಅರ್ತ್ ಎಲ್ಲಿ ಕೊಟ್ಟಿದ್ದೀರ?"

"ನೀರಿನ ಪೈಪಿಗೆ. ಆಗೆಲ್ಲ ಹಾಗೇ ಕೊಡ್ತಿದ್ವಿ. ಬೀದಿ ಉದ್ದಕ್ಕೂ ನೆಲದೊಳಗೆ ಕಬ್ಬಿಣದ ಪೈಪು ಮಲಗಿತ್ತು. ಅದಕ್ಕಿಂತ ಒಳ್ಳೆ ಅರ್ತ್ ಎಲ್ಲಿಂದ ತರೋದು?"

"ಆ ಪೈಪು ಈಗೆಲ್ಲಿದೆ ಯಜಮಾನ್ರೇ?" ಅವನು ಚುಚ್ಚಬೇಕೆಂದು ಕೇಳಿದ್ದಲ್ಲ, ತಂತಿ ಸುತ್ತುತ್ತಾ ಕೇಳಿದ. "ಗೇಟಿನ ಹತ್ತಿರ ನೋಡ್ಕೊಂಡೇ ಬಂದೆ. ಬೀದೀಲಿ ಈಗ ಇರೋದು ಪ್ಲಾಸ್ಟಿಕ್ ಪೈಪು. ಅದರಲ್ಲಿ ಕರೆಂಟ್ ಮಣ್ಣಿಗೆ ಇಳಿಯಲ್ಲ, ಮನೆಯೊಳಗಿನ ಪೈಪಲ್ಲೇ ನಿಲ್ಲುತ್ತೆ."

ಪೈಪು ಬದಲಾಯಿಸಿದ ದಿನ ಮಾವ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಗೆಯುವವರಿಗೆ ಕುಡಿಯಲು ನೀರು ಕೊಟ್ಟಿದ್ದರು. ತುಕ್ಕು ಹಿಡಿದ ಹಳೆಯ ಪೈಪುಗಳನ್ನು ಗಾಡಿಗೆ ಹೇರುವಾಗ ತಾವೂ ಒಂದು ತುದಿಗೆ ಕೈ ಕೊಟ್ಟಿದ್ದರು. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ನಲ್ಲಿ ಬಿಟ್ಟು ನೋಡಿ ನಕ್ಕವರೂ ಅವರೇ.

"ನೀರಿನ ಜೋರು ಅಂದಿದ್ದು ನೀವೇ," ಎಂದರು ಅತ್ತೆ ಕೋಣೆಯೊಳಗಿನಿಂದ. ಯಾವಾಗಲೋ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದರು.

ತಪಾಸಣೆಯವನು ಹೀಟರಿನ ತಂತಿ ಬಿಚ್ಚಿ ಮಡಿಸಿಟ್ಟ. "ಇದನ್ನ ಮುಟ್ಬೇಡಿ. ನಾಳೆ ಬಂದು ಹಿತ್ತಿಲಲ್ಲಿ ಹೊಸ ಅರ್ತ್ ಹೂಳಿ ಕೊಡ್ತೀನಿ. ಇಷ್ಟು ದಿನ ಸ್ವಲ್ಪ ಸೋರ್ತಿತ್ತು, ಅದಕ್ಕೇ ಬರೀ ಚುರುಕ್ ಅಂತಿತ್ತು. ಪೂರ್ತಿ ಸೋರಿದ್ದಿದ್ರೆ..." ಎಂದವನು ಅವಳ ಸೊಂಟದ ಮೇಲಿದ್ದ ಮಗುವನ್ನು ನೋಡಿ ಮಾತು ನುಂಗಿಕೊಂಡ. ಅದರ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ, ಉಸ್ಸೆನ್ನುತ್ತಾ ಹೊರಟುಹೋದ.

ಮಾವ ಸ್ಟೂಲಿನಿಂದ ಏಳಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಬೈದರೆ ಬೈಯಲಿ ಎಂದು ಕಾದಳು.

"ಅವತ್ತು ಟೆಸ್ಟರಲ್ಲಿ ನಿನಗೆ ದೀಪ ಕಂಡಿತ್ತು," ಎಂದರು.

"ಹೂಂ ಮಾವ."

"ನನಗೆ ಕಾಣಲಿಲ್ಲ ಕಣಮ್ಮ. ಕೆಲವು ತಿಂಗಳಿಂದ ಯಾವುದೂ ಸರಿಯಾಗಿ ಕಾಣ್ತಿಲ್ಲ." ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ, "ಟೈಲರ್ ಮನೆ. ಮೇಷ್ಟ್ರ ಮನೆ. ನರ್ಸಮ್ಮನ ಮನೆ," ಎಂದರು. ಯಾವುದೋ ಹಳೆಯ ನೆನಪಿಗೆ ಹೋಗಿದ್ದಾರೆ ಎಂದು ಅವಳು ಮೊದಲು ಅಂದುಕೊಂಡಳು. "ಎಲ್ಲಾ ಕಡೆ ಅರ್ತ್ ಪೈಪಿಗೇ ಕೊಟ್ಟಿದ್ದೀನಿ. ಒಂದು ಮನೇನೂ ಬಿಟ್ಟಿಲ್ಲ."

ಇಷ್ಟು ದಿನ ಅವಳು ಹೆದರಿದ್ದು ಒಂದು ನಲ್ಲಿಗೆ, ಒಂದು ಮಗುವಿಗಾಗಿ.

ಮಾವ ಗೋಡೆ ಹಿಡಿದುಕೊಂಡು ಎದ್ದರು. ಅತ್ತೆ ಕೋಣೆಯಿಂದ ಹೊರಗೆ ಬಂದರು. "ಎಲ್ಲಿಗೆ ಹೊರಟ್ರಿ? ಇಷ್ಟು ವರ್ಷ ಆದ್ಮೇಲೆ ಹೋಗಿ, ನಾನು ಮಾಡಿದ ವೈರಿಂಗ್ ನಂಬ್ಬೇಡಿ ಅಂತ ಹೇಳ್ತೀರಾ? ಜನ ಏನಂದ್ಕೊಳ್ತಾರೆ?"

"ಅಂದ್ಕೊಳ್ಳಲಿ."

"ಊಟ ಮಾಡ್ಕೊಂಡಾದ್ರೂ ಹೋಗಿ."

"ಅವರ ಮನೇಲೂ ಹೀಟರ್ ಇದೆ ಕಣೇ," ಎಂದರು ಮಾವ. ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮೆಟ್ಟಿಲು ಇಳಿಯುವಾಗ ಅವರ ಕಾಲು ತಡವರಿಸಿತು. ಅವಳು ಮಗುವನ್ನು ಎತ್ತಿಕೊಂಡೇ ಹಿಂದೆ ಹೋದಳು, ಇನ್ನೊಂದು ಕೈಯಲ್ಲಿ ಅವರ ಮೊಣಕೈ ಹಿಡಿದಳು. ಅವರು ಬೇಡವೆನ್ನಲಿಲ್ಲ. ಬಿಸಿಲು ಏರಿತ್ತು. ಒಂದು ಮನೆಯ ಮಹಡಿಯ ಮೇಲೆ ಯಾರೋ ಒದ್ದೆ ಚಾದರ ಒದರಿ ಹಾಕುತ್ತಿದ್ದರು. "ಏನ್ ವೈರಜ್ಜ, ಮೊಮ್ಮಗಳ ಜೊತೆ ಸವಾರಿ?" ಎಂದು ಅಲ್ಲಿಂದಲೇ ಕೇಳಿದರು. ಮಾವ ತಲೆ ಎತ್ತಿ ನೋಡಿದರು, ದನಿ ಬಂದ ಕಡೆಗೆ ಕೈ ಎತ್ತಿದರು, ನಿಲ್ಲಲಿಲ್ಲ.

ನರ್ಸಮ್ಮ ಆಸ್ಪತ್ರೆಗೆ ಹೋದರೆ ಹಗಲು ಹೊತ್ತು ಮನೆಯಲ್ಲಿರುವುದು ಅವರ ಮುದಿ ತಾಯಿ ಒಬ್ಬರೇ. ಮೊದಲು ಅಲ್ಲಿಗೇ ಹೋದರು. ಬಾಗಿಲು ಮುಚ್ಚಿತ್ತು. ಮಾವನ ಬೆರಳು ಅಭ್ಯಾಸಬಲದಿಂದ ಬೆಲ್ಲಿನ ಕಡೆ ಹೋಗಿ, ಗುಂಡಿಯ ಹತ್ತಿರ ನಿಂತು, ಹಿಂದಕ್ಕೆ ಬಂತು. ಗೆಣ್ಣಿನಿಂದ ಬಾಗಿಲು ತಟ್ಟಿದರು. ಒಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು, ಅದರ ಮೇಲೆ ಅಜ್ಜಿ ಏನೋ ಗುನುಗುತ್ತಿರುವುದು ಕೇಳಿಸುತ್ತಿತ್ತು. ಅಂಗೈ ಬಿಡಿಸಿ ಜೋರಾಗಿ ಬಡಿದರು. ಗುನುಗು ನಿಂತಿತು.

"ಯಾರಪ್ಪಾ? ಇರಿ, ಕೈಯೆಲ್ಲ ಸೋಪು. ತೊಳ್ಕೊಂಡು ಬಂದೆ."

"ಬೇಡ, ನಲ್ಲಿ ಮುಟ್ಬೇಡಿ, ಹಾಗೇ ಬನ್ನಿ," ಎಂದರು ಮಾವ. ಅವರ ದನಿ ಬಾಗಿಲು ದಾಟುವಷ್ಟು ಏಳಲಿಲ್ಲ.

ಒಳಗೆ ನೀರು ಬೀಳುತ್ತಲೇ ಇತ್ತು. ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಮಾವ ಅಂಗೈಯನ್ನು ಬಾಗಿಲಿಗೆ ಊರಿ, ಕಿವಿಯನ್ನು ಹತ್ತಿರ ತಂದು, ಹಾಗೆಯೇ ನಿಂತರು.