ಹೊಸ್ತಿಲಲ್ಲಿ ಹೇಳುವ ಹೆಸರು

ಆಳಂದದ ಸಂತೆಯಲ್ಲಿ ಮಾಣಿಕಮ್ಮ ಮಾರುತ್ತಿದ್ದ ಬೀಡಿಕಟ್ಟಿನ ಮೇಲೆ ಒಂದು ಹಳದಿ ಚೀಟಿ ಇರುತ್ತಿತ್ತು: ‘ಚಂದ್ರಾಮ ಬೀಡಿ’. ಚಂದ್ರಾಮ ಅವಳ ಗಂಡ. ಲಡಾಯಿಯ ಕೂಲಿ ಪಲ್ಟನಿಗೆ ಸೇರಿ ಬರ್ಮಾಕ್ಕೆ ಹೋಗುವ ಮುಂಚೆ ಅವನೇ ಒಂದು ಪೆಟ್ಟಿಗೆ ಚೀಟಿ ಅಚ್ಚು ಹಾಕಿಸಿಟ್ಟಿದ್ದ. ಹೋಗಿ ಮೂರು ವರ್ಷವಾಗಿತ್ತು, ಸುದ್ದಿಯಿಲ್ಲ. ಮಾಣಿಕಮ್ಮನಿಗೆ ಓದು ಬಾರದು. ಚೀಟಿ ಅಂಟಿಸುವಾಗ ಮಾತ್ರ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅವ್ವ ಕಲಿಸಿದ್ದಳು. ಮದುವೆಯ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಕಾಡಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದೇ ಕೊನೆ.

ಅಂಥವಳ ಮೇಲೆ ಒಂದು ದೊಡ್ಡ ಬೀಡಿ ಕಂಪನಿ ದಾವಾ ಹೂಡಿತು. ಅರ್ಜಿ ಬರೆಯುವ ಮುದುಕ ಲಾಡ್ಲೆಸಾಬ ಉರ್ದು ನೋಟೀಸು ಓದಿ ಹಣೆ ಚಚ್ಚಿಕೊಂಡ.

“ಚಂದ್ರಾಮ ಅನ್ನೂ ಮಾತು ಅವರ ಸ್ವಂತದ್ದಂತವ್ವ. ಬ್ಯಾರೆ ಯಾರೂ ಬೀಡಿ ಮ್ಯಾಲೆ ಹಾಕಬಾರದಂತ. ಇನ್ನ ನಾವು ಈದ್ ಹಬ್ಬದ ಚಂದ್ರ ನೋಡಾಕೂ ಕಂಪನಿ ಕಡಿಂದ ಚಿಟ್ಠಿ ತರಬೇಕು!”

ಊರೆಲ್ಲ ನಕ್ಕಿತು. ಅಮಾವಾಸ್ಯೆ ಬಂದಾಗ, ಚಂದ್ರನನ್ನು ಕಂಪನಿಯವರು ಜಪ್ತಿ ಮಾಡಿಕೊಂಡು ಹೋದರೆಂದರು. ನಗುವವರದೇನು ಹೋಗುತ್ತದೆ? ಮಾಣಿಕಮ್ಮನ ಹತ್ತಿರ ಗಂಡನದೆಂದು ಉಳಿದದ್ದು ಆ ಹೆಸರೊಂದೇ.

ಕೋರ್ಟಿನಲ್ಲಿ ಮುನಸೀಫರು ಒಳ್ಳೆಯವರೇ. “ನಿನ್ನ ಗಂಡನ ಹೆಸರೇ ಅದು ಅಂತಾದರ ನಿನಗೂ ಹಕ್ಕದ. ಹೆಸರೇನು, ನೀನೇ ಹೇಳು,” ಎಂದರು.

“ಚೀಟಿ ಮ್ಯಾಲ ಅದರಿ.”

“ಬಾಯಿಲೆ ಹೇಳಬೇಕವ್ವ.”

ಮಾಣಿಕಮ್ಮ ಕಿಟಕಿಯಾಚೆ ಆಕಾಶಕ್ಕೆ ಬೆರಳು ತೋರಿಸಿದಳು. ನಡುಮಧ್ಯಾಹ್ನ. “ಅಲ್ಲಿ ಸೂರ್ಯ ಅದಾನ್ರಿ ಸಾಹೇಬ್ರ,” ಎಂದ ಕಂಪನಿ ವಕೀಲ. ಜವಾನರೂ ನಕ್ಕರು.

ತಾನು ಹೇಳುತ್ತೇನೆಂದು ಎದ್ದ ಲಾಡ್ಲೆಸಾಬನನ್ನು ವಕೀಲ ತಡೆದ. ಮುದುಕ ಅವಳ ಕಿವಿಯಲ್ಲಿ ಬೇಡಿಕೊಂಡ: “ಮದುವ್ಯಾಗ ಹೇಳಿದಂಗ ಒಡಪಿನಾಗ ಹೇಳಿಬಿಡವ್ವ.”

“ಮನ್ಯಾಗ ಅವರು ಎದುರಿಗಿದ್ರು, ಚಂದಿತ್ತು. ಈಗ ಗುಂಡಿನ ನಡುವ ಅದಾರ, ಕಾಕಾ. ಅವರು ಹೊಸ್ತಿಲ ದಾಟಿ ಬಂದ ದಿನ ಹೇಳ್ತೇನಿ.”

ಪ್ರತಿವಾದಿ ಗಂಡನ ಹೆಸರು ಹೇಳಲಿಲ್ಲ ಎಂದು ಗುಮಾಸ್ತ ಬರೆದುಕೊಂಡ. ಚೀಟಿಯ ಪೆಟ್ಟಿಗೆ ಕಂಪನಿಯ ಪಾಲಾಯಿತು. ಅವತ್ತಿನಿಂದ ಅವಳು ಬರಿಯ ಕಟ್ಟು ಮಾರಿದಳು. ಯಾರಾದರೂ ಕನಿಕರಪಟ್ಟರೆ, “ಹೆಸರು ಹೋದರ ಹೋಗಲಿ, ಅವರು ಇರಲಿ,” ಎನ್ನುವಳು.

ಮಳೆಗಾಲದಲ್ಲಿ ಪಲ್ಟನಿನ ಕಾಗದ ಬಂತು. ಅವಳ ಮನೆಯಂಗಳದಲ್ಲಿ ನಿಂತು ಓದುತ್ತಿದ್ದ ಲಾಡ್ಲೆಸಾಬ ನಡುವೆಯೇ ಅಳತೊಡಗಿದ. ಚಂದ್ರಾಮ ಜ್ವರದಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಕೋರ್ಟಿನಲ್ಲಿ ಅವಳು ತುಟಿ ಬಿಗಿಹಿಡಿದು ಕಾಪಾಡಿದ ಆಯುಷ್ಯ ಆ ದಾವಾಕ್ಕೂ ಎಷ್ಟೋ ಮೊದಲೇ ಮುಗಿದುಹೋಗಿತ್ತು.

ಮಾಣಿಕಮ್ಮ ಅಳಲಿಲ್ಲ. ಎದ್ದುಹೋಗಿ ಹೊಸ್ತಿಲ ಹೊರಗೆ ನಿಂತು, ಹೊಸ ಮದುಮಗಳಂತೆ ಸೆರಗು ಸರಿಪಡಿಸಿಕೊಂಡು ಹೇಳಿದಳು:

“ಹಿತ್ತಲದಾಗ ಮಲ್ಲಿಗಿ, ಹೊಸ್ತಿಲದಾಗ ದೀಪ,
ಚಂದ್ರಾಮರು ಬಂದರ ಕತ್ತಲಿಗಿ ಕೋಪ.”

ಬಾಗಿಲಿಗೆ ಯಾರೂ ಅಡ್ಡ ನಿಂತಿರಲಿಲ್ಲ. ಆದರೂ ಬಹಳ ಹೊತ್ತು ಅವಳು ಒಳಗೆ ಹೋಗಲಿಲ್ಲ.