ದಾಯಾದಿಯ ಪಾಲು

ಕರಿತಲೆ ಕುರಿ ಕಾಲು ಝಾಡಿಸುವುದನ್ನು ನಿಲ್ಲಿಸಿದ ಮೇಲೂ ಹನುಮಕ್ಕ ಅದರ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ಬಾಯಂಚಿನಲ್ಲಿ ನೊರೆ. ಕಣ್ಣು ಮಾತ್ರ ಇನ್ನೂ ರೊಪ್ಪದ ಬಾಗಿಲನ್ನೇ ನೋಡುತ್ತಿತ್ತು, ಉಳಿದ ಇಪ್ಪತ್ತೊಂದು ಕುರಿಗಳು ತನ್ನನ್ನು ಬಿಟ್ಟು ಮೇಯಲು ಹೊರಟುಬಿಟ್ಟಾವೆಂಬಂತೆ. ಹನುಮಕ್ಕ ಸೆರಗಿನ ತುದಿಯಿಂದ ನೊರೆ ಒರೆಸಿ ಆ ಕಣ್ಣು ಮುಚ್ಚಿಸಿದಳು. ಯುಗಾದಿ ಕಳೆದು ಹತ್ತು ದಿನವಾಗಿತ್ತು. ಬಿಸಿಲು ಆಗಲೇ ಬೇಲಿಯ ಮುಳ್ಳಿನ ಮೇಲೆ ಕೂತಿತ್ತು. ಕೆಂಗೇರಿಯ ಕಡೆಯಿಂದ ಮೆಟ್ರೋ ಹೋದ ಸದ್ದು ತೆಳ್ಳಗೆ ಕೇಳಿಸಿತು.

"ಹೊಟ್ಟೆ ಉಬ್ಬರ," ಅಂದಳು, ಬೇಲಿಯಾಚೆ ಸ್ಕೂಟರ್ ನಿಲ್ಲಿಸುತ್ತಿದ್ದವನಿಗೆ. "ನೆನ್ನೆ ನಿಮ್ಮ ಪಾರ್ಕಿನ ಹಸೀ ಹುಲ್ಲಿಗೆ ಬಾಯಿ ಹಾಕಿತ್ತು."

ಬಂದವನು ಮೈದುನನ ಮಗ ಅರುಣ್ ಕುಮಾರ್. ಕರೇಕಲ್ಲು ಕಾವಲು ಎಂಬ ಮೇವಿನ ಬಯಲಿನ ಅಂಚಿಗಿದ್ದ ತಮ್ಮ ಪಾಲಿನ ಹೊಲವನ್ನು ಲೇಔಟ್ ಮಾಡಿ ಸೈಟು ಮಾರುತ್ತಿದ್ದ. ಬಗ್ಗಿ ನೋಡಿದ.

"ತೋಳ ಅಲ್ಲ ತಾನೆ ದೊಡ್ಡಮ್ಮ?"

"ತೋಳ ಬಂದಿದ್ರೆ ಕುರಿ ಇಲ್ಲಿ ಬಿದ್ದಿರ್ತಿತ್ತೇನೋ?"

ಅವನ ಮುಖ ಸಪ್ಪಗಾಯಿತು. "ಅದಾಗಿದ್ರೆ ಒಂದ್ ದಾರಿ ಆಗೋದು. ಫೋಟೋ ತೆಗ್ದು ಗ್ರೂಪಿಗೆ ಹಾಕ್ತಿದ್ದೆ. ಭಾನುವಾರ ಬಸವೇಶ್ವರನಗರದಿಂದ ಒಂದ್ ಪಾರ್ಟಿ ಸೈಟ್ ನೋಡಕ್ಕೆ ಬಂದಿದ್ರು. ಸರಿಯಾಗಿ ಅದೇ ಟೈಮಿಗೆ ಊಳಿಡ್ತು ನೋಡಿ, ಆ ಯಮ್ಮ ಕಾರಿಂದ ಕೆಳಗೇ ಇಳೀಲಿಲ್ಲ."

"ನಾಯಿ ಅನ್ನಬೇಕಿತ್ತು."

"ಅಂದೆ. ಯಾವ ನಾಯಿ ಹಿಂಗೆ ರಾಗವಾಗಿ ಅಳುತ್ತೆ ಅಂದ್ರು."

ಹನುಮಕ್ಕನಿಗೆ ನಗು ಬಂತು. ಅರುಣ ನಗಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. "ಹೆಂಗೂ ಸತ್ತಿದೆ. ಬಂಡೆ ತಾವ ಹಾಕೇ ಹಾಕ್ತೀರ. ಒಂದ್ ಪೊಟ್ಲ ಕೊಡ್ತೀನಿ, ಹೊಟ್ಟೆ ಒಳಗೆ ಇಟ್ಬುಡಿ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಕುರಿಗಳೂ ಉಳ್ಕೋತವೆ."

ಅವಳು ಮಂಡಿಯ ಮೇಲೆ ಕೈಯೂರಿ ಎದ್ದಳು.

"ನಿಮ್ಮಪ್ಪ ನಮ್ಮ ಮೇಲೆ ಹದ್ನಾರು ವರ್ಷ ಕೋರ್ಟಿಗೆ ಅಲೆದ. ಒಂದ್ ದಿನಾನಾದ್ರೂ ನಿಮ್ಮ ಬಾವಿಗೆ ನಾವು ಏನಾದ್ರೂ ಹಾಕಿದ್ವಾ?"

"ಅದೇ ಬೇರೆ, ಇದೇ ಬೇರೆ."

"ಬೇರೆ ಅಲ್ಲ ಕಣಪ್ಪ. ದಾಯಾದಿ ಪಾಲಿಗೆ ವಿಷ ಇಕ್ಕೋದು ನಮ್ಮ ಮನೇಲಿ ಇಲ್ಲ. ಹೋಗು, ಬಿಸಿಲೇರ್ತದೆ."

ದಾಯಾದಿ ಎಂಬುದು ಹನುಮಕ್ಕನ ಅಜ್ಜಿಯ ಮಾತು. ಅಜ್ಜಿಯ ಬಾಯಲ್ಲಿ ತೋಳ ಎಂಬ ಹೆಸರು ಎಂದೂ ಬರುತ್ತಿರಲಿಲ್ಲ. ಒಬ್ಬಳೇ ತಾಯಿಗೆ ಇಬ್ಬರು ಮಕ್ಕಳಂತೆ. ಹಿರಿಯವನು ನೆಟ್ಟಗೆ ನಡೆದ, ಕಿರಿಯವನು ನಾಲ್ಕು ಕಾಲಿನಲ್ಲಿ ನಡೆದ. ತಾಯಿ ಸತ್ತಾಗ ಕುರಿಹಿಂಡನ್ನು ಪಾಲು ಮಾಡಲು ಕೂತರು. ಹಿರಿಯವನು ಇಡೀ ಹಿಂಡನ್ನು ತನ್ನ ಹಿಂದೆ ಮಾಡಿಕೊಂಡು ನಿಂತ. ಕಿರಿಯವನು ಮೂರು ದಿನ ಬೆಟ್ಟದ ಮೇಲೆ ಕೂತು ಅತ್ತ. ಆ ಅಳು ಕೇಳಲಾರದೆ ಹಿರಿಯವನು ಕೊನೆಗೆ ಒಪ್ಪಿದ: ತಾನಾಗಿ ಸತ್ತದ್ದು ನಿನ್ನದು, ಹಿಂಡು ಬಿಟ್ಟು ಅಲೆದದ್ದು ನಿನ್ನದು, ಸತ್ತು ಹುಟ್ಟಿದ್ದು ನಿನ್ನದು; ರೊಪ್ಪದ ಒಳಗಿನದು ಮಾತ್ರ ನನ್ನದು. ಅಂದಿನಿಂದ ಅವರ ಮನೆಯಲ್ಲಿ ಸತ್ತ ಕುರಿಯನ್ನು ಹೂಳುವುದಿಲ್ಲ, ಮಾರುವುದಿಲ್ಲ, ತಿನ್ನುವುದೂ ಇಲ್ಲ. ಕಾವಲಿನ ಬಂಡೆಯ ಮೇಲಿಟ್ಟು, ಕೋಲಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು, ತಿರುಗಿ ನೋಡದೆ ಬರುತ್ತಾರೆ. ನಲವತ್ತು ವರ್ಷ ಆ ಪಾಲನ್ನು ಕಾಗೆ, ಬೀದಿನಾಯಿಗಳೇ ತಿಂದಿದ್ದವು. ದಾಯಾದಿ ಊರುಬಿಟ್ಟು ಹೋಗಿದ್ದ. ಹೋದ ದೀಪಾವಳಿಯ ಮಾರನೆಯ ಬೆಳಿಗ್ಗೆ ಬಂಡೆಯ ಕೆಳಗಿನ ಮಣ್ಣಿನಲ್ಲಿ ದಾಯಾದಿಯ ಹೆಜ್ಜೆಗಳನ್ನು ನೋಡಿದಾಗ, ಅರವತ್ತೆಂಟರ ಹನುಮಕ್ಕನಿಗೆ ತವರಿನವರು ಬಂದಷ್ಟು ಹಿಗ್ಗಾಗಿತ್ತು.

ಹಿಗ್ಗು ಅವಳೊಬ್ಬಳದೇ. ಸಂಕ್ರಾಂತಿಯ ಹೊತ್ತಿಗೆ ಊರಿನಲ್ಲಿ ಐದು ಕುರಿ, ಲೇಔಟಿನಲ್ಲಿ ಒಂದು ಬಿಳಿ ಸಾಕುನಾಯಿ ತೋಳದ ಪಾಲಾಗಿದ್ದವು. ಫಾರೆಸ್ಟ್ ಗಾರ್ಡ್ ಮಹದೇವ್ ಮನೆಮನೆಗೆ ತಿರುಗಿ ಹೇಳಿದ: ಬೇಲಿ ಎತ್ತರ ಮಾಡಿ, ಹೊತ್ತು ಮೂಡುವ ತನಕ ಹಿಂಡು ಬಿಡಬೇಡಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹನುಮಕ್ಕ ಮೊದಲು ತನ್ನ ರೊಪ್ಪಕ್ಕೆ ಎದೆಯೆತ್ತರ ಜಾಲಿಮುಳ್ಳು ಕಟ್ಟಿದಳು. ಆಮೇಲೆ ಉಳಿದವರ ರೊಪ್ಪಗಳಿಗೆ ಹೋಗಿ, ಬೈಯುತ್ತ, ತಾನೇ ಕೂತು ಕಟ್ಟಿಸಿದಳು. ಅಲ್ಲಿಂದೀಚೆಗೆ ಒಂದು ಕುರಿಯೂ ಹೋಗಿರಲಿಲ್ಲ. ಹಾಗಾಗಿಯೇ ಮಹದೇವ್ ಅವಳೊಬ್ಬಳಿಗೆ ಕಾವಲಿನ ಒಂದು ಪೊದೆಯನ್ನೂ ಅದರ ಬುಡದಲ್ಲಿದ್ದ ತೋಳದ ಬಿಲವನ್ನೂ ದೂರದಿಂದ ತೋರಿಸಿದ್ದು. ನಾಲ್ಕು ಮರಿ.

"ಮಳೆಗಾಲದ ತನಕ ಹೆಂಗಾದ್ರೂ ಕಾಪಾಡಿ ಅಮ್ಮ. ಅಷ್ಟೊತ್ತಿಗೆ ಮರಿ ಓಡೋ ಹಂಗಾಗ್ತವೆ. ಊರೋರು ಯಾರಾದ್ರೂ ವಿಷ ಇಟ್ರೆ ನನ್ ಕೈಲಿ ತಡೆಯೋಕಾಗಲ್ಲ, ನಿಮ್ ಕೈಲಿ ಆಗುತ್ತೆ."

"ನಾನಿರೋ ಗಂಟ ಯಾರೂ ಇಡಾಕಿಲ್ಲ," ಅಂದಿದ್ದಳು.

ಅಂದು ಮಧ್ಯಾಹ್ನ ಹಿಂಡನ್ನು ಎಂದಿನ ದಾರಿಯಲ್ಲೇ ಹೊಡೆದುಕೊಂಡು ಹೋದಳು. ಕೆರೆ ಬತ್ತಿತ್ತು. ಲೇಔಟಿನ ಮೂಲೆಯ ಸೈಟಿನಲ್ಲಿ ಹೊಸದಾಗಿ ಪಾಯ ತೆಗೆದಿದ್ದರು. ಗುಂಡಿಗಳಲ್ಲಿ ಮೂರು ದಿನದಿಂದ ನೀರು ನಿಂತಿತ್ತು, ಸುಣ್ಣ ಕದಡಿದಂತೆ ಬೆಳ್ಳಗೆ. ಕೆಲಸದವರು ಇರಲಿಲ್ಲ. ಗುಂಡಿಯ ಪಕ್ಕ ನೆಟ್ಟ ಕೋಲಿಗೆ ಒಂದು ಕೆಂಪು ಬಟ್ಟೆ ಕಟ್ಟಿತ್ತು. ಪಾಯದ ಪೂಜೆಯದು, ಯಾರೋ ನೇಮದವರೇ ಮನೆ ಕಟ್ಟುತ್ತಿದ್ದಾರೆ ಎಂದುಕೊಂಡು ಹನುಮಕ್ಕ ನಿನ್ನೆಯ ಹಾಗೆಯೇ ಚಪ್ಪಲಿ ಬಿಟ್ಟು ಕೈಮುಗಿದಳು. ಕಂದುಬಣ್ಣದ ಎಳೆಮರಿಯ ತಾಯಿಯೂ ಸೇರಿ ಬಾಯಾರಿದ ನಾಲ್ಕೈದು ಕುರಿಗಳು ಗುಂಡಿಗೆ ಬಗ್ಗಿ ಕುಡಿದವು. ಕೆಲವು ಮೂಸಿ ಹಿಂದೆ ಸರಿದವು. ನಿನ್ನೆ ಎಲ್ಲಕ್ಕಿಂತ ಮೊದಲು ನುಗ್ಗಿ ಹೊಟ್ಟೆ ತುಂಬ ಕುಡಿದಿದ್ದು ಕರಿತಲೆಯೇ ಎಂಬುದು ಅವಳಿಗೆ ನೆನಪಾಗಲಿಲ್ಲ.

ಸಂಜೆ ಮಗಳು ಭುವನೇಶ್ವರಿ ಬಾಪೂಜಿ ನಗರದ ಗಾರ್ಮೆಂಟ್ಸಿನಿಂದ ಬಂದವಳು ಕುರಿ ಸುತ್ತಿದ್ದ ಗೋಣಿಯ ಒಂದು ತುದಿ ಹಿಡಿದಳು.

"ಏನವ್ವ, ತಲೆ ಬಾಚ್ಕೊಂಡು, ಒಗೆದ ಸೀರೆ ಉಟ್ಕೊಂಡಿದೀಯ? ಬೀಗರಿಗೆ ಬುತ್ತಿ ತಗೊಂಡು ಹೋಗ್ತಾ ಇರೋ ಹಂಗಿದೆ."

"ಬೀಗರಿಗಾದ್ರೆ ಇಷ್ಟು ದೊಡ್ಡ ಬುತ್ತಿ ಕಟ್ತೀನಾ? ಹಿಡಿ ಸರಿಯಾಗಿ."

ಕಾವಲಿನ ಅಂಚಿನ ತನಕ ಇಬ್ಬರೂ ಹೊತ್ತರು. ಅಲ್ಲಿಂದ ಮುಂದೆ ಹನುಮಕ್ಕ ಒಬ್ಬಳೇ ಗೋಣಿಯನ್ನು ಎಳೆದುಕೊಂಡು ಹೋದಳು, ಎರಡು ಕಡೆ ಕೂತು ಸುಧಾರಿಸಿಕೊಂಡಳು. ಬಂಡೆಯ ಮೇಲೆ ಕುರಿಯನ್ನು ಮಲಗಿಸಿ, ಅದರ ಎಡಗಿವಿಯಲ್ಲಿ ತಾನೇ ಕೊಯ್ದಿದ್ದ ಮೂರು ಕಚ್ಚಿನ ಗುರುತನ್ನು ಒಮ್ಮೆ ಸವರಿದಳು. ಕೋಲಿನಿಂದ ಗೆರೆ ಎಳೆದಳು.

"ಇದು ನಿಂದು, ಅದು ನಂದು. ಗೆರೆ ದಾಟಬ್ಯಾಡ. ಮಕ್ಕಳಿಗೂ ಕೊಡು."

ತಿರುಗಿ ನೋಡದೆ ಬಂದಳು. ಅರ್ಧ ದಾರಿಯಲ್ಲಿ ಬೆನ್ನ ಹಿಂದೆ ಊಳು ಎದ್ದಿತು, ಮೊದಲು ಒಂದು, ಅದರ ಮೇಲೆ ಇನ್ನೊಂದು. ನಡುವೆ ಮರಿಗಳ ಒಡಕು ದನಿಗಳು. ಅಂಚಿನಲ್ಲಿ ಕಾಯುತ್ತಿದ್ದ ಭುವನೇಶ್ವರಿಗೆ, "ಕೇಳಿಸ್ತಾ? ಎಲೆ ಹಾಕಾಯ್ತು," ಅಂದಳು.

ಮಾರನೆಯ ಸಂಜೆ ಊಳು ಕೇಳಲಿಲ್ಲ. ಹೊಟ್ಟೆ ತುಂಬಿದೆ, ಮಲಗಿವೆ ಎಂದುಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಮಹದೇವ್ ಬಂದ. ಬಂದವನು ಎಂದಿನಂತೆ ನೀರು ಕೇಳಲಿಲ್ಲ. ಜಗಲಿಯ ಮೇಲೆ ಕೂರಲಿಲ್ಲ. ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಅವಳ ಮುಂದೆ ಹಿಡಿದ. ಒಳಗೆ ಕಪ್ಪು ಕೂದಲಿನ ಕಿವಿಯೊಂದು. ಮೂರು ಕಚ್ಚು.

"ನಿಮ್ಮದೇನಾ?"

"ನಮ್ಮದೇ. ನಾನೇ ಹಾಕಿದ್ದು."

"ದೊಡ್ಡವೆರಡೂ ಹೋದ್ವು ಅಮ್ಮ. ಗಂಡು ಬಂಡೆ ಬುಡದಲ್ಲೇ ಬಿದ್ದಿದೆ, ಹೆಣ್ಣು ಬಿಲದ ಬಾಯಲ್ಲಿ. ಮೂರು ಮರೀನೂ ಹೋದ್ವು. ನಾಲ್ಕನೇದು ಸಿಗಲಿಲ್ಲ." ಮಹದೇವ್ ಅವಳ ಮುಖ ನೋಡದೆ ಬೇಲಿಯನ್ನು ನೋಡುತ್ತ ಮಾತಾಡುತ್ತಿದ್ದ. "ಎಲ್ಲದರ ಬಾಯಲ್ಲೂ ನೊರೆ. ಏನ್ ಬೆರೆಸಿದ್ರಿ? ಹೇಳ್ಬಿಡಿ. ಯಾರು ತಂದ್ಕೊಟ್ರು?"

ಹೊಟ್ಟೆ ಉಬ್ಬರ ಎನ್ನಲು ಹೊರಟ ಹನುಮಕ್ಕ 'ನೊರೆ' ಎಂಬ ಮಾತಿಗೆ ಸಿಕ್ಕಿಕೊಂಡಳು. ಅವಳ ಸೆರಗಿನಲ್ಲಿ ಅದು ಒಣಗಿ ಅಂಟಂಟಾಗಿದ್ದುದು ನೆನಪಾಯಿತು. ಅದೇ ಹೊತ್ತಿಗೆ ರೊಪ್ಪದ ಒಳಗಿನಿಂದ ಗಂಟಲು ಕಟ್ಟಿದ ಅರಚು ಕೇಳಿಸಿತು. ಕಂದುಮರಿಯ ತಾಯಿ ಮುಂಗಾಲು ಮಡಿಸಿ ಬೀಳುತ್ತಿತ್ತು. ಹಲ್ಲು ಕಡಿಯುತ್ತಿತ್ತು. ಬಾಯಿಂದ ಬಿಳಿಯ ಎಳೆ ಇಳಿಯುತ್ತಿತ್ತು.

ಅವಳು ಕುರಿಯ ಹತ್ತಿರ ಹೋಗಲಿಲ್ಲ. ಮಹದೇವನನ್ನು ದಾಟಿ, ಬರಿಗಾಲಿನಲ್ಲಿ, ಮೂಲೆಯ ಸೈಟಿನ ಕಡೆ ಹೊರಟಳು. ಅವನು ಹಿಂದೆಯೇ ಬಂದ.

ಗಾರೆ ಕೆಲಸದ ಕಲ್ಮೇಶ್ ತನ್ನೂರಿಗೆ ಹೋಗಿದ್ದವನು ಅಂದೇ ವಾಪಸಾಗಿದ್ದ. ಕಂಬಿ ಕಟ್ಟುತ್ತಿದ್ದವನು ಅವಳ ಮುಖ ನೋಡಿ ಎದ್ದು ನಿಂತ.

"ಈ ನೀರು ಏನಪ್ಪ?"

"ಗೆದ್ದಲದ ಔಷಧ ಹೊಡದೀವ್ರೀ ಯವ್ವಾ, ಪಾಯಕ್ಕ. ಭಾಳ ಕೆಟ್ಟದ್ದ ಅದು." ಅವನು ಗುಂಡಿಯ ಸುತ್ತ ಒತ್ತಿದ ಗೊರಸಿನ ಗುರುತುಗಳನ್ನು ನೋಡಿದ. ದನಿ ಇಳಿಯಿತು. "ಕುರಿ ಕುಡದಾವೇನ್ರೀ? ಕೆಂಪು ಅರಿವಿ ಕಟ್ಟಿದ್ನಲ್ರೀ ನಾ. ಯಾರೂ ಹತ್ರ ಬರಬಾರ್ದಂತ ಕಟ್ಟಿದ್ದೆ. ನೋಡಲಿಲ್ಲೇನ್ರೀ?"

"ನೋಡ್ದೆ," ಅಂದಳು ಹನುಮಕ್ಕ. "ಬಂದಾಗೆಲ್ಲ ಕೈ ಮುಗಿದೆ."

ಕಲ್ಮೇಶನಿಗೆ ಅರ್ಥವಾಗಲಿಲ್ಲ. ಮಹದೇವನಿಗೆ ಆಯಿತು. ಅವನು ಟೋಪಿ ತೆಗೆದು ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. ಬಾಟಲಿಯೊಂದಕ್ಕೆ ಆ ನೀರು ತುಂಬಿಸಿಕೊಂಡ. "ನೀವು ಬೇಕಂತ ಮಾಡಿಲ್ಲ ಅಂತ ಬರೀತೀನಿ," ಅಂದ.

"ಹೆಂಗಾದ್ರೂ ಬರ್ಕೋ. ಉಂಡೋರಿಗೆ ಏನು ವ್ಯತ್ಯಾಸ ಆಗ್ತದೆ?"

ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ರೊಪ್ಪದ ಬಳಿ ಅರುಣ್ ಕುಮಾರ್ ಇಬ್ಬರು ಗೆಳೆಯರೊಂದಿಗೆ ಕಾಯುತ್ತಿದ್ದ. ಮಹದೇವ್ ಜೀಪಿನ ಕಡೆ ಹೋದದ್ದೇ ಅವಳ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ.

"ನೋಡ್ರೋ, ನಮ್ಮ ದೊಡ್ಡಮ್ಮ. ನನಗೆ ಆವತ್ತು ಹೆಂಗೆ ಬೈದ್ರು ಗೊತ್ತಾ? ಬಾಯಲ್ಲಿ ಒಂದು ಹೇಳಿ ಕೈಯಲ್ಲಿ ಕೆಲಸ ಮುಗಿಸವ್ರೆ. ಹೆದರ್ಕೋಬೇಡಿ ದೊಡ್ಡಮ್ಮ, ಕೇಸು ಗೀಸು ಆದ್ರೆ ನಾವಿದೀವಿ. ಲೇಔಟೋರು ನಿಮಗೆ ಶಾಲು ಹೊದಿಸಬೇಕು ಅಂತಿದಾರೆ."

"ಅರುಣ, ನಾನು ಇಕ್ಕಲಿಲ್ಲ ಕಣೋ."

"ಗೊತ್ತು, ಗೊತ್ತು. ನೀವು ಇಕ್ಕಲಿಲ್ಲ. ನಾವ್ಯಾರೂ ಇಕ್ಕಲಿಲ್ಲ." ಗೆಳೆಯರು ನಕ್ಕರು. ಒಬ್ಬ ಅವಳ ಫೋಟೋ ತೆಗೆದ.

ಕೈ ಬಿಡಿಸಿಕೊಂಡು ಹನುಮಕ್ಕ ಒಳಗೆ ಹೋದಳು. ಕಂದುಮರಿಯ ತಾಯಿ ಸತ್ತಿತ್ತು. ಮರಿ ಅದರ ಕೆಚ್ಚಲಿಗೆ ಬಾಯಿಟ್ಟು ಗುದ್ದುತ್ತಿತ್ತು. ಅವಳು ಮರಿಯನ್ನು ಎಳೆದು ದೂರ ಕಟ್ಟಿದಳು. ಅಟ್ಟದಿಂದ ಪಿಕಾಸಿ ಇಳಿಸಿದಳು. ಭುವನೇಶ್ವರಿ ಅಂದು ಕೆಲಸಕ್ಕೆ ಹೋಗದೆ ಉಳಿದಿದ್ದಳು.

"ನಮ್ಮ ಮನೇಲಿ ಹೂಳಲ್ಲವಲ್ಲವ್ವ," ಅಂದಳು ಮೆಲ್ಲಗೆ.

"ಇನ್ಮೇಲೆ ಹೂಳ್ತೀವಿ."

ರೊಪ್ಪದ ಹಿಂದಿನ ನೆಲ ಕಲ್ಲಾಗಿತ್ತು. ತಾಯಿ ಮಗಳು ಸರದಿಯ ಮೇಲೆ ಅಗೆದರು. ಮೊಣಕಾಲುದ್ದಕ್ಕೆ ಭುವನೇಶ್ವರಿ ಸಾಕು ಅಂದಳು, ಹನುಮಕ್ಕ ಒಪ್ಪಲಿಲ್ಲ. ಸೊಂಟದಾಳ ಆದಾಗ ಹೊತ್ತು ಬೆಟ್ಟದ ಕಡೆ ವಾಲಿತ್ತು. ಕುರಿಯನ್ನು ಇಳಿಸಿ, ಉಪ್ಪು ಸುರಿದು, ಮಣ್ಣು ಎಳೆದರು. ಮಣ್ಣಿನ ಮೇಲೆ ಕಲ್ಲು ಹೇರತೊಡಗಿದರು.

ಆಗ ಬೇಲಿಯಾಚೆ, ಪಾಳು ಹೊಲದ ದಿಬ್ಬದ ಮೇಲೆ ಆ ನಾಲ್ಕನೆಯ ತೋಳದ ಮರಿ ಕಾಣಿಸಿತು. ಬೆಕ್ಕಿಗಿಂತ ಸ್ವಲ್ಪ ದೊಡ್ಡದು. ಕಾಲು ಉದ್ದ, ಪಕ್ಕೆಲುಬು ಎಣಿಸಬಹುದು. ಸತ್ತ ಕುರಿಯ ವಾಸನೆಗೋ ಏನೋ ಮೂಗು ಮೇಲೆತ್ತಿ, ಮುಂದೆ ಯಾರೋ ಗೆರೆ ಎಳೆದಿಟ್ಟ ಹಾಗೆ ಅಲ್ಲೇ ಕೂತಿತು. ಬಾಯಿ ತೆರೆದು ಊಳಿಡಲು ನೋಡಿತು. ದನಿ ಅರ್ಧಕ್ಕೇ ಒಡೆದು ಕೆಮ್ಮಿನ ಹಾಗಾಯಿತು.

"ಅವ್ವ," ಅಂದಳು ಭುವನೇಶ್ವರಿ.

ಹನುಮಕ್ಕ ತಲೆಯೆತ್ತಿ ನೋಡಿದಳು. ನೋಡುತ್ತಲೇ ಬಗ್ಗಿ ಇನ್ನೊಂದು ಕಲ್ಲು ಎತ್ತಿದಳು, ತನ್ನ ಕೈಲಾಗದಷ್ಟು ದೊಡ್ಡದು. ಅದನ್ನು ಎದೆಗವಚಿಕೊಂಡು ಬಂದು ಗುಂಡಿಯ ಮೇಲಿಟ್ಟಳು. ಮತ್ತೆ ಇನ್ನೊಂದು.

ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ ಸ್ವಲ್ಪ ಹೊತ್ತಿಗೆ, ಇನ್ನೂ ಬೆಳಕಿರುವಾಗಲೇ, ರೊಪ್ಪದ ಹಿಂದೆ ಕಲ್ಲಿನ ಮೇಲೆ ಉಗುರು ಕೆರೆಯುವ ಸದ್ದು ಶುರುವಾಯಿತು. ಹನುಮಕ್ಕ ಗೋಡೆಗೆ ಒರಗಿ, ಮಡಿಲಲ್ಲಿ ಕಂದುಮರಿಯನ್ನಿಟ್ಟುಕೊಂಡು, ಬಟ್ಟೆಯ ಬತ್ತಿಯನ್ನು ಹಾಲಿಗೆ ಅದ್ದಿ ಅದರ ಬಾಯಿಗೆ ಇಡುತ್ತಿದ್ದಳು. ಮರಿ ಚೀಪುತ್ತಿತ್ತು. ಹೊರಗೆ ಕೆರೆಯುವ ಸದ್ದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.