ದಾನಿಗಳ ಗಾಳಿ

ಹಾರವಾಡದ ಸಮುದಾಯ ಭವನದಲ್ಲಿ ದಾನಿಯ ಹೆಸರಿಲ್ಲದ್ದು ಯಾವುದಾದರೂ ಇದ್ದರೆ ಅದು ಕಿಟಕಿಯಲ್ಲಿ ಕೂರುವ ಕಾಗೆ ಮಾತ್ರ. ಕುರ್ಚಿಯ ಬೆನ್ನಿಗೆ ಹೆಸರು, ಪಾಯಸದ ಕೊಪ್ಪರಿಗೆಗೆ ಹೆಸರು, ತಲೆಯ ಮೇಲೆ ತಿರುಗುವ ಫ್ಯಾನಿನ ರೆಕ್ಕೆಗೂ ಹೆಸರು. ಹಿಂದೊಮ್ಮೆ ಒಬ್ಬ ದಾನಿ ಊಟಕ್ಕೆ ಬಂದಾಗ, ಅವನ ಹೆಸರು ಅವನಿಗೆ ಓದಲು ಸಿಗಲೆಂದು ಫ್ಯಾನು ನಿಲ್ಲಿಸಿದ್ದರು. ಇಡೀ ಪಂಕ್ತಿ ಬೆವರು ಒರೆಸುತ್ತ ಉಂಡದ್ದನ್ನು ಮೀನು ಮಾರುವ ಮಂಗಲಾ ಇನ್ನೂ ಮರೆತಿಲ್ಲ.

ಅಂಥ ಭವನಕ್ಕೆ ಈ ವರ್ಷ ಒಂದು ಕಂಪ್ಯೂಟರು ಬೇಕಾಯಿತು. ಅಲ್ಲಿ ನಡೆಯುವ ಮದುವೆಗಳ ವಿಡಿಯೋವನ್ನು ಊರಿನದೇ ಹುಡುಗಿ ಪ್ರೀತಿ ತೆಗೆದು, ಕತ್ತರಿಸಿ, ಹಾಡು ಹಾಕಿ ಕೊಡುವುದೆಂದು ಕಮಿಟಿಯವರು ಠರಾಯಿಸಿದ್ದರು. ಮೊದಲ ಮದುವೆ ಮಂಗಲಾಳ ಮಗಳು ಪ್ರಗತಿಯದು. ಹಾಗಾಗಿ ಮಂಗಲಾಳನ್ನೂ ಮೀಟಿಂಗಿಗೆ ಕರೆದಿದ್ದರು.

ಕಾರವಾರದ ಅಂಗಡಿಯವನು ಕಂಪ್ಯೂಟರಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೇಳಿದ: "ವಿಡಿಯೋ ಕೆಲ್ಸ ಅಂದ್ರೆ ಇದು ಕಾಯ್ತದೆ. ತಂಪಿಗೆ ನೀರಿನ ಕೂಲರ್ ಹಾಕೂದಾ, ಫ್ಯಾನು ಹಾಕೂದಾ?"

ಟ್ರಾಲರಿನ ಎಂಜಿನ್ ನೋಡಿಕೊಳ್ಳುವ ಕಿಶನ ಕೂಡಲೇ ಮುಂದೆ ಬಂದ. "ನೀರಂದ್ರೆ ನಮ್ಮ ಬೋಟಿನ ಹಂಗೆ ಸಮುದ್ರದಿಂದ ಎಳೂದಾ? ಹಂಗಾದ್ರೆ ಗೋಡೆಗೆ ತೂತು ಹೊಡೂಕೆ ಬೇಕು ಮಾರಾಯಾ."

"ಇಲ್ರೀ, ಇದ್ದ ನೀರೇ ನಳಿಗೆಯೊಳಗೆ ಸುತ್ತುತ್ತಾ ಇರ್ತದೆ."

"ಹಳೇ ನೀರಾ?" ಎಂದು ಕಿಶನ ಮುಖ ಸಿಂಡರಿಸಿದ.

ಸರಕಾರಿ ನೌಕರಿಯಿಂದ ನಿವೃತ್ತನಾಗಿ ಅವರ್ಸಾದಲ್ಲಿ ಗದ್ದೆ ಮಾಡಿಸುವ ಪುಂಡಲೀಕ ಮಾತ್ರ ಕೇಳಬೇಕಾದದ್ದನ್ನೇ ಕೇಳಿದ. "ನೀರಿನ ಕೂಲರ್ ಎಷ್ಟು ಬರ್ತದೆ?"

"ಒಂದೇ."

"ಫ್ಯಾನು?"

"ನಾಲ್ಕು."

"ಹಂಗಾದ್ರೆ ಫ್ಯಾನೇ. ಒಂದಕ್ಕೆ ಒಬ್ನೇ ದಾನಿ. ನಾಲ್ಕಕ್ಕೆ ನಾಲ್ಕು ಜನ."

ತಾಂತ್ರಿಕ ಚರ್ಚೆ ಅಲ್ಲಿಗೆ ಮುಗಿಯಿತು. ಅಧ್ಯಕ್ಷ ತುಳಸಿದಾಸ ಒಂದು ಫ್ಯಾನು ಕೊಟ್ಟ, ಪುಂಡಲೀಕ ಒಂದು, ಕಿಶನ ಒಂದು. ನಾಲ್ಕನೆಯದನ್ನು ಮಂಗಲಾ ತೀರಿಹೋದ ಗಂಡ ರಾಮಾನ ಹೆಸರಿನಲ್ಲಿ ಕೊಟ್ಟಳು. ಜೀವಮಾನವಿಡೀ ಬೇರೆಯವರ ಬೋಟಿನಲ್ಲಿ ದುಡಿದ ರಾಮಾನ ಹೆಸರು ರೇಷನ್ ಕಾರ್ಡು ಬಿಟ್ಟರೆ ಎಲ್ಲಿಯೂ ಬರೆದದ್ದಿರಲಿಲ್ಲ. ಫ್ಯಾನಿನ ನಡುವಿನ ಬಿಲ್ಲೆಗೆ ಬಂಗಾರದ ಅಕ್ಷರದ ಚೀಟಿ ಅಂಟಿಸಿದಾಗ ಮಂಗಲಾ ಸೆರಗಿನಿಂದ ಅದನ್ನು ಒರೆಸಿ ನೋಡಿದಳು.

ಫ್ಯಾನುಗಳನ್ನು ಎಲ್ಲಿ ಕೂರಿಸುವುದೆಂಬ ಮಾತು ಬಂತು. ಈ ಫ್ಯಾನುಗಳ ರೀತಿ ಮೇಜಿನ ಫ್ಯಾನಿಗೆ ಉಲ್ಟಾ: ಮುಖದಿಂದ ಗಾಳಿ ಎಳೆದು ಬೆನ್ನಿನಿಂದ ಬಿಡುತ್ತವೆ. "ಮೂರು ಮುಂದೆ ಇರ್ಲಿ, ಎಳೂಕೆ. ಒಂದು ಹಿಂದೆ ಹಾಕ್ವ, ಬಿಸಿ ಗಾಳಿ ಹೊರಗೆ ಹೋಗೂಕೆ," ಎಂದಳು ಪ್ರೀತಿ. ಹಿಂದೆ ಎಂದರೆ ಗೋಡೆಯ ಕಡೆ. ದಾನ ಕೊಟ್ಟು ಗೋಡೆ ನೋಡಲು ಯಾರೂ ತಯಾರಿರಲಿಲ್ಲ. ಅಧ್ಯಕ್ಷನ ಫ್ಯಾನು ಪೆಟ್ಟಿಗೆಯ ನೆತ್ತಿಗೆ ಹೋಯಿತು, ಉಳಿದ ಮೂರು ಎದುರಿಗೆ. ನಾಲ್ಕೂ ಫ್ಯಾನುಗಳ ಮುಖ ಹೊರಗೆ. ಹಿಂದಿನ ತೂತಿಗೆ, ಉಪ್ಪುಗಾಳಿಯೂ ಹಲ್ಲಿಯೂ ಬಾರದಿರಲೆಂದು ರಟ್ಟು ಬಡಿದರು.

ಮದುವೆ ಚೆನ್ನಾಗಿಯೇ ಆಯಿತು. ಆದರೆ ಬೈತಖೋಲದ ಬೀಗಿತ್ತಿ ಮಂದಾಕಿನಿ ಪ್ರೀತಿಯ ಕ್ಯಾಮೆರಾ ನೋಡಿ ನಕ್ಕಳು. "ಹಾರವಾಡದವ್ರಿಗೆ ವಿಡಿಯೋ ಮಾಡೂಕೂ ಬತ್ತದ್ಯಾ?"

"ಆಯ್ತಾರ ನಿಮ್ಮನೆಗೆ ಊಟಕ್ಕೆ ಬರ್ತೆವಲ್ಲ, ಪರದೆ ಕಟ್ಟಿ ಇಡಿ," ಎಂದಳು ಮಂಗಲಾ, ಎಲ್ಲರೆದುರಿಗೆ. "ಮೊದ್ಲು ಪಿಚ್ಚರು, ಆಮೇಲೆ ಊಟ."

ಹೇಳಿಯಾಯಿತು. ಆಯ್ತಾರ ಹತ್ತಿರ ಬಂತು, ಪಿಚ್ಚರು ಬರಲಿಲ್ಲ. ಪ್ರೀತಿ ಎಲ್ಲವನ್ನೂ ಕೂಡಿಸಿ ಒಂದು ಮಾಡಲು ಹಚ್ಚಿದರೆ ಕಂಪ್ಯೂಟರು ಸುಡುಸುಡು ಕಾದು, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಆರಿಹೋಗುತ್ತಿತ್ತು. ಮಗಳ ಧಾರೆ ಮುಗಿಯುವುದೇ ಇಲ್ಲ. ಮಂಗಲಾ ಮೀನಿನ ಬುಟ್ಟಿ ಇಳಿಸಿದವಳೇ ಭವನಕ್ಕೆ ಬಂದು ಕೂತು ಅದನ್ನು ನೋಡುತ್ತಿದ್ದಳು.

"ಎಂತಾ ಆಗ್ಯದೆ ಇದ್ಕೆ?"

"ನಾಲ್ಕೂ ಒಳಗೇ ತಳ್ತವೆ ಮಂಗಲಕ್ಕಾ. ಹೊರಗೆ ಕಳ್ಸೂಕೆ ಒಬ್ರೂ ಇಲ್ಲ. ಅಧ್ಯಕ್ಷರದ್ದಂತೂ ಮೇಲೆ ಬರೂ ಬಿಸೀನ ಮತ್ತೆ ಕೆಳಗೇ ಒತ್ತತದೆ."

ತುರ್ತು ಮೀಟಿಂಗು ಕರೆದರು. ಯಾರ ಫ್ಯಾನು ಹಿಂದೆ ಹೋಗಬೇಕು? ತುಳಸಿದಾಸ, ಅಧ್ಯಕ್ಷನ ಬೆನ್ನು ಸಭೆಗೆ ಕಾಣಬಾರದೆಂದ. ಕಿಶನ, ಹೆಂಡತಿಯನ್ನು ಕೇಳಬೇಕೆಂದ. ಹೆಸರಿಲ್ಲದ ಐದನೆಯದೊಂದನ್ನು ಕೊಂಡುಬಿಡೋಣ ಎಂದಳು ಪ್ರೀತಿ.

"ಬೇವಾರ್ಸಿ ಫ್ಯಾನಾ?" ಎಂದ ಪುಂಡಲೀಕ. "ನಮ್ಮ ಭವನದಲ್ಲಿ ಹೆಸರಿಲ್ಲದ್ದು ಒಂದು ಸೌಟೂ ಇಲ್ಲ, ತಂಗೀ. ಒಂದು ಉಪಸಮಿತಿ ಮಾಡ್ವ. ಮುಂದಿನ ತಿಂಗ್ಳು ವರದಿ ಬರ್ಲಿ."

ಮಂಗಲಾ ಫ್ಯಾನಿನ ಮೇಲಿನ ಚೀಟಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ನಿಂತಳು.

"ಸಾಕು ಮಾಡಿ. ನಮ್ಮವ್ರದ್ದು ಹಿಂದೆ ಹಾಕೇ ಪ್ರೀತಿ. ಇದ್ದಾಗ್ಲೂ ಸಿಟ್ಟು ಬಂದ್ರೆ ಗೋಡೆ ಕಡೆಗೇ ಮುಖ ಮಾಡಿ ಮಲಗ್ತಿದ್ರು. ಅವ್ರಿಗೇನು ಹೊಸ್ತಲ್ಲ."

ನಗು ಏಳುವಷ್ಟರಲ್ಲಿ ಪ್ರೀತಿ ರಟ್ಟು ಕಿತ್ತಿದ್ದಳು. ರಾಮಾನ ಫ್ಯಾನು ಗೋಡೆಯ ಕಡೆಗೆ ಗಾಳಿ ಬಿಡುವ ಹಾಗೆ ಹಿಂದೆ ಕೂತಿತು. ಹೆಸರು ಒಳಗೆ ಮುಚ್ಚಿಹೋಗುತ್ತದಲ್ಲಾ ಎಂದು ಪ್ರೀತಿ ಬಂಗಾರದ ಅಕ್ಷರದಲ್ಲೇ ಇನ್ನೊಂದು ಚೀಟಿ ಬರೆದು ಫ್ಯಾನಿನ ಬೆನ್ನಿಗೇ ಅಂಟಿಸಿದಳು. ಅಂದು ಸಂಜೆ ಧಾರೆ ದಾಟಿತು, ಊಟದ ಪಂಕ್ತಿ ದಾಟಿತು, ಮಗಳು ಅತ್ತು ಕಾರು ಹತ್ತಿದ್ದೂ ದಾಟಿತು.

ಆಯ್ತಾರ ಬೈತಖೋಲದಲ್ಲಿ ಪರದೆಯ ಮೇಲೆ ಎಲ್ಲವೂ ಕಂಡಿತು. ಮಂದಾಕಿನಿ ಕೊನೆಯವರೆಗೂ ಅಲ್ಲಾಡದೆ ನೋಡಿ, "ನನ್ನ ಸೀರೆ ಬಣ್ಣ ಮಾತ್ರ ಸಮಾ ಬರ್ಲಿಲ್ಲ," ಎಂದಳು. ಹೆಚ್ಚಿನ ಊನ ಹುಡುಕಲು ಅವಳಿಂದಾಗಲಿಲ್ಲ. ಮಂಗಲಾ ಎರಡು ಸಲ ಬಡಿಸಿಕೊಂಡು ಉಂಡಳು.

ಮರುದಿನ ಅವಳು ಭವನಕ್ಕೆ ಬಂದಾಗ ಅಧ್ಯಕ್ಷ ಎದುರಿಗೆ ಕಾಣಲಿಲ್ಲ. ಕಂಪ್ಯೂಟರಿನ ಮೇಜಿನ ಹಿಂದೆ, ಗೋಡೆಗೂ ಮೇಜಿಗೂ ನಡುವೆ ಹೊಟ್ಟೆ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದ. ಪ್ರೀತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಫ್ಯಾನಿನ ಮುಖದ ಬಿಲ್ಲೆ ರೆಕ್ಕೆಯ ಜೊತೆ ತಿರುಗುತ್ತದೆ, ಬೆನ್ನಿನ ಬಿಲ್ಲೆ ತಿರುಗುವುದಿಲ್ಲ. ಇದು ಈಗ ಊರಿಗೆಲ್ಲ ಗೊತ್ತಾಗಿತ್ತು. ಕಂಪ್ಯೂಟರು ಹಚ್ಚಿದರೆ ಮುಂದಿನ ಇಬ್ಬರ ಹೆಸರೂ ನೆತ್ತಿಯವನ ಹೆಸರೂ ಬರೇ ಹಳದಿ ಸುಳಿ. ರಾಮಾನದ್ದು ಮಾತ್ರ ಗಟ್ಟಿ ನಿಂತು, ಬಂಗಾರದ ಅಕ್ಷರದಲ್ಲಿ ಓದಲು ಸಿಗುತ್ತಿತ್ತು.

"ಮಂಗಲಾ," ಎಂದ ತುಳಸಿದಾಸ ಅಲ್ಲಿಂದಲೇ. "ನೀ ಹೆಣ್ಣು ಹೆಂಗ್ಸು, ಪಾಪ, ಗಂಡನ ಹೆಸ್ರು ಹಿಂದೆ ಬಿದ್ದೋಯ್ತು ಹೇಳಿ ನಂಗೆ ರಾತ್ರಿ ನಿದ್ದೆಯಿಲ್ಲ. ರಾಮಾನ ಫ್ಯಾನು ನೆತ್ತಿಗೆ ತಕಂಡು ಹೋಗ್ವ. ಹಿಂದೆ ನಾ ಇರ್ತೆ."

"ಬ್ಯಾಡ ತುಳಸಿದಾಸಣ್ಣಾ. ನಿಮ್ಮ ಬೆನ್ನು ಸಭೆಗೆ ಕಾಣೂಕಾಗ," ಎಂದಳು ಮಂಗಲಾ. "ಪ್ರೀತೀ, ಮೇಜು ಸ್ವಲ್ಪ ಎಳೀ ಮಗಾ. ಅಧ್ಯಕ್ಷರ ಮುಖಕ್ಕೆ ಬಿಸಿ ಗಾಳಿ ಬಡೀತೇ ಅದೆ."